ಮನೆಯ ಕಂಪ್ಯೂಟರನ್ನು ಬ್ಯಾಂಕ್ ಗುರುತು ಹಿಡಿಯುವಂತೆ ಮಾಡುವುದು ಹೇಗೆ

ಸಾಗರದ ಸಮೀಪದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪ, ಅಡಿಕೆ ಸೊಸೈಟಿಯ ಹಣ ಖಾತೆಗೆ ಜಮೆಯಾಯಿತೇ ಎಂದು ನೋಡಲು ದಿನಕ್ಕೊಮ್ಮೆಯಾದರೂ ನೆಟ್ ಬ್ಯಾಂಕಿಂಗ್ ತೆರೆಯುತ್ತಾರೆ. ಒಂದು ಮಳೆಗಾಲದಲ್ಲಿ ಅವರ ಮನೆಗೆ ಹೋಗಿದ್ದಾಗ ಅವರ ಮೊಬೈಲಿನಲ್ಲಿದ್ದ ಬ್ಯಾಂಕಿನ ಸಂದೇಶಗಳನ್ನು ನೋಡಿದೆ. ಹೊಸ ಸಾಧನದಿಂದ ನಿಮ್ಮ ಖಾತೆಗೆ ಲಾಗಿನ್ ಆಗಿದೆ, ನೀವಲ್ಲದಿದ್ದರೆ ಕೂಡಲೇ ತಿಳಿಸಿ ಎಂಬ ಒಂದೇ ಒಕ್ಕಣೆಯ ಸಂದೇಶಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಒಂದು ನಡುರಾತ್ರಿ ಎರಡೂ ಮುಕ್ಕಾಲಿಗೆ ಬಂದಿತ್ತು. ಗಾಬರಿಯಾಗಿ ಕೇಳಿದರೆ ಅವರು, ‘ಅದು ದಿನಾ ಬರ್ತದೆ ಮಾರಾಯ, ಯಾರು ಓದ್ತಾ ಕೂರ್ತಾರೆ’ ಎಂದರು. ಸಂದೇಶದ ಒಳಗಿದ್ದ ಸಮಯವನ್ನು ನೋಡಿದ ಮೇಲೆ ವಿಷಯ ತಿಳಿಯಿತು. ಸಂಜೆ ಅವರೇ ಮಾಡಿದ್ದ ಲಾಗಿನ್‌ನ ಸಂದೇಶ, ಮಳೆಗೆ ಟವರ್ ಸತ್ತಿದ್ದರಿಂದ ರಾತ್ರಿ ಸಿಗ್ನಲ್ ಮರಳಿದಾಗ ತಲುಪಿತ್ತು. ಆ ಬಾರಿ ಏನೂ ಆಗಿರಲಿಲ್ಲ. ಆದರೆ ನಿಜವಾದ ಕಳ್ಳನೊಬ್ಬ ಒಳಗೆ ಬಂದಿದ್ದರೂ ಅವರು ಆ ಸಂದೇಶವನ್ನು ಓದುತ್ತಿರಲಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಮನೆಯ ಕಂಪ್ಯೂಟರನ್ನು ಬ್ಯಾಂಕಿಗೆ ಪರಿಚಯ ಮಾಡಿಸಿಡಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಮುಖ್ಯ ಕಾರಣ. ಪದೇ ಪದೇ ಒಟಿಪಿ ಹಾಕುವ, ಭದ್ರತಾ ಪ್ರಶ್ನೆಗೆ ಉತ್ತರಿಸುವ ತೊಂದರೆ ಸ್ವಲ್ಪ ಕಡಿಮೆಯಾಗುವುದು ಅದರ ಸಣ್ಣ ಲಾಭ. ದಿನವೂ ಬಳಸುವ ಕಂಪ್ಯೂಟರ್ ಬ್ಯಾಂಕಿಗೆ ಹಳೆಯದಾಗಿ ಕಂಡಾಗ ಮಾತ್ರ ‘ಹೊಸ ಸಾಧನ’ ಎಂಬ ಸಂದೇಶ ಅಪರೂಪಕ್ಕೆ ಬರುತ್ತದೆ, ಅಪರೂಪಕ್ಕೆ ಬಂದಾಗ ಮಾತ್ರ ಮನುಷ್ಯ ಅದನ್ನು ನಿಂತು ಓದುತ್ತಾನೆ.

ಬ್ಯಾಂಕ್ ಗುರುತಿಸುವುದು ಏನನ್ನು?

ಬ್ಯಾಂಕಿನ ಸರ್ವರಿಗೆ ನಿಮ್ಮ ಮೇಜಿನ ಮೇಲಿರುವ ಪೆಟ್ಟಿಗೆ ಕಾಣಿಸುವುದಿಲ್ಲ. ಅದರೊಡನೆ ಮಾತನಾಡುವುದು ಕ್ರೋಮ್, ಫೈರ್‌ಫಾಕ್ಸ್‌ನಂತಹ ಬ್ರೌಸರ್ ಮಾತ್ರ. ನೀವು ಮೊದಲ ಬಾರಿ ಲಾಗಿನ್ ಆಗಿ, ಒಟಿಪಿ ಕೊಟ್ಟು, ಈ ಸಾಧನವನ್ನು ನಂಬಬಹುದು ಎಂದು ಒಪ್ಪಿದಾಗ, ಬ್ಯಾಂಕಿನ ತಾಣ ಒಂದು ಉದ್ದನೆಯ ಗುರುತಿನ ಸಂಖ್ಯೆಯನ್ನು ನಿಮ್ಮ ಬ್ರೌಸರಿನಲ್ಲಿ ಇಟ್ಟು ಹೋಗುತ್ತದೆ. ಇದನ್ನೇ ಕುಕೀ ಎನ್ನುವುದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ ಎಂಬ ಎಂಜಿನಿಯರ್ ರೂಪಿಸಿದ ಈ ಉಪಾಯ ಇಂದಿಗೂ ಹಾಗೆಯೇ ನಡೆದುಬಂದಿದೆ. ಮುಂದಿನ ಸಲ ನೀವು ಅದೇ ತಾಣಕ್ಕೆ ಹೋದಾಗ ಬ್ರೌಸರ್ ತಾನಾಗಿಯೇ ಆ ಚೀಟಿಯನ್ನು ತೋರಿಸುತ್ತದೆ. ಬ್ಯಾಂಕ್ ತನ್ನ ದಾಖಲೆಯೊಡನೆ ಅದನ್ನು ಹೋಲಿಸಿ, ಇದು ಹಳೆಯ ಗಿರಾಕಿಯ ಹಳೆಯ ಯಂತ್ರ ಎಂದು ತೀರ್ಮಾನಿಸುತ್ತದೆ.

ಈ ಒಂದು ಸಂಗತಿ ಮನಸ್ಸಿನಲ್ಲಿ ಕೂತರೆ ಉಳಿದ ಎಷ್ಟೋ ಗೊಂದಲಗಳು ತಾವಾಗಿಯೇ ಬಗೆಹರಿಯುತ್ತವೆ. ಕ್ರೋಮ್‌ನಲ್ಲಿ ಪಡೆದ ಚೀಟಿ ಫೈರ್‌ಫಾಕ್ಸ್‌ಗೆ ಕಾಣದು. ಒಂದೇ ಕ್ರೋಮ್‌ನಲ್ಲಿ ನಿಮ್ಮ ಪ್ರೊಫೈಲ್ (ಬ್ರೌಸರಿನೊಳಗಿನ ಪ್ರತ್ಯೇಕ ಕೋಣೆ) ಒಂದು, ಮಗಳ ಪ್ರೊಫೈಲ್ ಇನ್ನೊಂದು ಇದ್ದರೆ, ಒಂದರ ಚೀಟಿ ಇನ್ನೊಂದಕ್ಕೆ ಸಿಗದು. ಬಳಕೆಯ ಜಾಡು ಉಳಿಸದ ಇನ್‌ಕಾಗ್ನಿಟೊ ಕಿಟಕಿ, ಮುಚ್ಚಿದ ಕ್ಷಣವೇ ಅದರೊಳಗಿನ ಚೀಟಿಯನ್ನು ಹರಿದು ಹಾಕುತ್ತದೆ. ಗೂಗಲ್ ಖಾತೆಯ ಮೂಲಕ ಸಿಂಕ್ ಮಾಡಿದರೆ ಬುಕ್‌ಮಾರ್ಕ್‌ಗಳೂ ಪಾಸ್‌ವರ್ಡ್‌ಗಳೂ ಹೊಸ ಕಂಪ್ಯೂಟರಿಗೆ ಬರುತ್ತವೆ, ಕುಕೀಗಳು ಬರುವುದಿಲ್ಲ. ಆದ್ದರಿಂದ ಹೊಸ ಕಂಪ್ಯೂಟರ್ ಕೊಂಡಾಗ ಪರಿಚಯವನ್ನು ಮೊದಲಿನಿಂದ ಮಾಡಿಸಲೇಬೇಕು. ಚೀಟಿಗೆ ಆಯುಷ್ಯವೂ ಉಂಟು. 2022ರಲ್ಲಿ ಬಂದ 104ನೆಯ ಆವೃತ್ತಿಯಿಂದ ಕ್ರೋಮ್ ಯಾವ ಕುಕೀಯನ್ನೂ ಒಮ್ಮೆಗೆ 400 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲ, ಬ್ಯಾಂಕುಗಳು ಇದಕ್ಕಿಂತ ಎಷ್ಟೋ ಚಿಕ್ಕ ಅವಧಿಯನ್ನು ಗೊತ್ತುಮಾಡಬಹುದು.

ಚೀಟಿಯ ಜೊತೆಗೆ ಬ್ಯಾಂಕ್ ಬೇರೆ ಲಕ್ಷಣಗಳನ್ನೂ ನೋಡುತ್ತದೆ. ಬ್ರೌಸರ್ ಯಾವುದು, ಅದರ ಆವೃತ್ತಿ ಯಾವುದು, ಪರದೆಯ ಅಳತೆ ಎಷ್ಟು, ಭಾಷೆ ಮತ್ತು ಸಮಯವಲಯ ಯಾವುವು, ಸಂಪರ್ಕ ಯಾವ ಕಂಪನಿಯ ಯಾವ ಊರಿನ ಐಪಿ ವಿಳಾಸದಿಂದ (ಅಂತರ್ಜಾಲದಲ್ಲಿ ಸಂಪರ್ಕದ ಗುರುತು ಸಂಖ್ಯೆ) ಬಂದಿದೆ ಎಂಬುದೆಲ್ಲ ಒಟ್ಟುಗೂಡಿ ಯಂತ್ರದ ಚಹರೆಯಾಗುತ್ತದೆ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿಯೆಂದು ತಿಳಿಸಿದ ದೃಢೀಕರಣ ನಿರ್ದೇಶನಗಳಲ್ಲಿಯೂ, ವಹಿವಾಟು ನಡೆಯುವ ಸ್ಥಳ, ಗ್ರಾಹಕನ ರೂಢಿ, ಸಾಧನದ ಲಕ್ಷಣ ಇವುಗಳನ್ನು ನೋಡಿ ಅಪಾಯವನ್ನು ಅಳೆಯಲು ಬ್ಯಾಂಕುಗಳಿಗೆ ಅವಕಾಶವಿದೆ. ಹೀಗಾಗಿ ಬ್ಯಾಂಕಿನ ಪರದೆಯ ಮೇಲೆ ‘ಈ ಸಾಧನವನ್ನು ನೆನಪಿಡು’ ಎಂಬ ಚೌಕ ಕಾಣದಿದ್ದರೂ, ಗುರುತು ಹಿಡಿಯುವ ಕೆಲಸ ತೆರೆಯ ಹಿಂದೆ ನಡೆಯುತ್ತಿರಬಹುದು. ನಮ್ಮಲ್ಲಿ ಕೆಲವು ಬ್ಯಾಂಕುಗಳು ಆ ಚೌಕವನ್ನು ತೋರಿಸುತ್ತವೆ, ಕೆಲವು ಪ್ರತಿ ಲಾಗಿನ್‌ಗೂ ಒಟಿಪಿ ಕೇಳಿಯೇ ತೀರುತ್ತವೆ. ಎರಡನೆಯ ಬಗೆಯ ಬ್ಯಾಂಕಿನಲ್ಲಿ ನೀವು ಏನು ಮಾಡಿದರೂ ಒಟಿಪಿ ತಪ್ಪದು, ತಪ್ಪಿಸಲು ಹೋಗಲೂಬಾರದು. ಪರಿಚಯವಾದ ಕಂಪ್ಯೂಟರಿನಿಂದಲೇ ಹಣ ಕಳುಹಿಸಿದರೂ ಅದಕ್ಕೆ ಒಟಿಪಿಯಂತಹ ಎರಡನೆಯ ದೃಢೀಕರಣ ಬೇಕೇ ಬೇಕು.

ಇಲ್ಲಿ ಇನ್ನೊಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಜನ ಇಲ್ಲಿಯೇ ಎಡವುತ್ತಾರೆ. ‘ಯೂಸರ್ ಐಡಿ ನೆನಪಿಡು’ ಎಂಬ ಚೌಕ ನಿಮ್ಮ ಹೆಸರನ್ನು ಮತ್ತೆ ಟೈಪ್ ಮಾಡುವ ಶ್ರಮವನ್ನಷ್ಟೇ ಉಳಿಸುತ್ತದೆ. ‘ಪಾಸ್‌ವರ್ಡ್ ಉಳಿಸಲೇ’ ಎಂದು ಮೇಲ್ಗಡೆ ಇಳಿದುಬರುವ ಪ್ರಶ್ನೆ ಬ್ಯಾಂಕಿನದಲ್ಲ, ಬ್ರೌಸರಿನದು. ಈ ಎರಡನ್ನು ಒತ್ತಿದ ಮಾತ್ರಕ್ಕೆ ಕಂಪ್ಯೂಟರ್ ಬ್ಯಾಂಕಿಗೆ ಪರಿಚಿತವಾಗುವುದಿಲ್ಲ. ಸಾಧನವನ್ನು ನಂಬುವ ಪ್ರಶ್ನೆ ಸಾಮಾನ್ಯವಾಗಿ ಒಟಿಪಿ ಹಾಕುವ ಪುಟದಲ್ಲಿ ಅಥವಾ ಅದರ ಮರುಪುಟದಲ್ಲಿ ಬರುತ್ತದೆ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿನಲ್ಲಿ ಬ್ಯಾಂಕಿನ ಪಾಸ್‌ವರ್ಡನ್ನು ಬ್ರೌಸರಿಗೆ ಒಪ್ಪಿಸಬಾರದೆಂಬುದು ನನ್ನ ಅಭಿಪ್ರಾಯ. ಯಂತ್ರವೂ ಪರಿಚಿತ, ಪಾಸ್‌ವರ್ಡೂ ಸಿದ್ಧ ಎಂದಾದರೆ ಕುರ್ಚಿಯಲ್ಲಿ ಕೂತ ಯಾರಿಗೂ ಬಾಗಿಲು ಅರ್ಧ ತೆರೆದಂತೆಯೇ ಸರಿ.

ಮೊದಲು ಕಂಪ್ಯೂಟರನ್ನು ಸರಿಮಾಡಿಕೊಳ್ಳಿ

ಪರಿಚಯ ಮಾಡಿಸುವ ಮುಂಚೆ ಆ ಕಂಪ್ಯೂಟರ್ ನಂಬಿಕೆಗೆ ಯೋಗ್ಯವಾಗಿದೆಯೇ ಎಂದು ನೋಡಬೇಕು. ಒಮ್ಮೆ ಚೀಟಿ ಸಿಕ್ಕ ಮೇಲೆ ಆ ಯಂತ್ರದೊಳಗೆ ಇರುವ ದೋಷವೂ ಬ್ಯಾಂಕಿನ ಕಣ್ಣಿಗೆ ನಿಮ್ಮದೇ ಆಗಿ ಕಾಣುತ್ತದೆ.

ವಿಂಡೋಸ್ 7 ಅಥವಾ 8.1 ಇರುವ ಯಂತ್ರವನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಅವುಗಳಿಗೆ ಕ್ರೋಮ್‌ನ ಹೊಸ ಆವೃತ್ತಿ 2023ರಿಂದ ಸಿಗುತ್ತಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಯಂತ್ರ ವಿಂಡೋಸ್ 11ಕ್ಕೆ ಏರಬಲ್ಲದೇ ಎಂದು ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ನೋಡಿ, ಏರದಿದ್ದರೆ ಬ್ಯಾಂಕಿನ ಕೆಲಸಕ್ಕೆ ಬೇರೆ ವ್ಯವಸ್ಥೆಯನ್ನು ಯೋಚಿಸುವುದು ಒಳ್ಳೆಯದು.

ಇದಕ್ಕಿಂತಲೂ ಹೆಚ್ಚಿನ ಅಪಾಯವಿರುವುದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನಲ್ಲಿ. ಹಣ ಕೊಡದೆ ಫೋಟೋ ತಿದ್ದುವ, ಪುಸ್ತಕದ ಪುಟ ಕಟ್ಟುವ ತಂತ್ರಾಂಶಗಳನ್ನು ಎಲ್ಲಿಂದಲೋ ಇಳಿಸಿಕೊಂಡು, ಅದನ್ನು ಓಡಿಸುವುದಕ್ಕಾಗಿ ಆ್ಯಂಟಿವೈರಸನ್ನು ಸ್ವಲ್ಪ ಹೊತ್ತು ಆರಿಸುವ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಇದೆ. ಇಂಥ ಕ್ರ್ಯಾಕ್‌ಗಳ ಜೊತೆಯಲ್ಲಿ ಬರುವ ಕಳ್ಳ ಪ್ರೋಗ್ರಾಂಗಳಲ್ಲಿ ಒಂದು ಜಾತಿಯವು ಬ್ರೌಸರಿನೊಳಗಿನ ಪಾಸ್‌ವರ್ಡ್‌ಗಳನ್ನೂ ಕುಕೀಗಳನ್ನೂ ಬಾಚಿಕೊಂಡು ದೂರದ ಸರ್ವರಿಗೆ ಕಳುಹಿಸುವುದಕ್ಕಾಗಿಯೇ ಹುಟ್ಟಿದವು. ಬ್ಯಾಂಕ್ ಕೊಟ್ಟ ಗುರುತಿನ ಚೀಟಿಯೂ ಒಂದು ಕುಕೀಯೇ ಎಂಬುದನ್ನು ನೆನಪಿಟ್ಟುಕೊಂಡರೆ ಅಪಾಯ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ. ಕ್ರೋಮ್ 2024ರಿಂದ ವಿಂಡೋಸ್‌ನಲ್ಲಿ ಕುಕೀಗಳಿಗೆ ಹೆಚ್ಚಿನ ಬೀಗ ಹಾಕಿದೆ, ಆದರೂ ಕಳ್ಳನನ್ನು ಮನೆಯೊಳಗೆ ಕೂರಿಸಿಕೊಂಡು ಬೀಗವನ್ನು ನಂಬುವುದು ಸರಿಯಲ್ಲ. ಅಂಥ ಸಾಫ್ಟ್‌ವೇರ್ ಇದ್ದರೆ ತೆಗೆಯಿರಿ. ಸಂಶಯವಿದ್ದರೆ ವಿಂಡೋಸನ್ನು ಹೊಸದಾಗಿ ಹಾಕಿಸಿ, ಆಮೇಲೆ ಮುಂದುವರಿಯಿರಿ. ಕನ್ನಡ ಟೈಪಿಂಗಿನ ತಂತ್ರಾಂಶವನ್ನೂ ಫಾಂಟನ್ನೂ ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದ ಫೈಲಿನಿಂದ ಬೇಡ.

ಬಳಿಕ ವಿಂಡೋಸ್‌ನಲ್ಲಿ ನಿಮಗೊಂದು ಪ್ರತ್ಯೇಕ ಯೂಸರ್ ಅಕೌಂಟ್ ಮಾಡಿ, ಅದಕ್ಕೆ ಪಿನ್ ಅಥವಾ ಪಾಸ್‌ವರ್ಡ್ ಇಡಿ. ಮಕ್ಕಳು ಆಟವಾಡುವುದಕ್ಕೆ ಬೇರೆ ಅಕೌಂಟ್ ಇರಲಿ, ಅದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಡ. ಚಹಾಕ್ಕೆಂದು ಏಳುವಾಗ ವಿಂಡೋಸ್ ಕೀಲಿ ಮತ್ತು ಎಲ್ ಕೀಲಿಯನ್ನು ಒಟ್ಟಿಗೆ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ.

ದಿನಾಂಕ ಮತ್ತು ಸಮಯವನ್ನೂ ನೋಡಿ. ಇದು ಕ್ಷುಲ್ಲಕವೆಂದು ಕಾಣಬಹುದು, ಆದರೆ ಚಿಕ್ಕಪ್ಪನ ಮನೆಯಲ್ಲಿ ಮೊದಲು ಸಿಕ್ಕ ದೋಷ ಇದೇ. ಮಲೆನಾಡಿನಲ್ಲಿ ಸಿಡಿಲಿಗೆ ಹೆದರಿ ರಾತ್ರಿ ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತಿಡುತ್ತಾರೆ, ಕಿತ್ತಿಡುವುದು ಸರಿಯೂ ಹೌದು. ಕರೆಂಟಿಲ್ಲದ ಅಷ್ಟು ಹೊತ್ತು ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿರುವ ಎಂಟಾಣೆ ನಾಣ್ಯದಂತಹ ಒಂದು ಗುಂಡು ಸೆಲ್. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್ 2032 ಎಂಬ ನಮೂನೆಯದು. ಅದು ಸತ್ತುಹೋಗಿದ್ದರಿಂದ ಪ್ರತಿ ಬೆಳಗ್ಗೆ ಅವರ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಏಳುತ್ತಿತ್ತು. ತಾಣ ಅಸಲಿಯೆಂದು ತೋರಿಸುವ ಪ್ರಮಾಣಪತ್ರ ಇನ್ನೂ ಚಾಲ್ತಿಗೆ ಬಂದಿಲ್ಲವೆಂದು ಬಗೆದು ಬ್ರೌಸರ್ ಬ್ಯಾಂಕಿನ ಪುಟವನ್ನೇ ತಡೆಯುತ್ತಿತ್ತು, ಚಿಕ್ಕಪ್ಪ ಬೇರೊಂದು ಬ್ರೌಸರ್ ತೆರೆದು ಹೇಗೋ ಒಳಗೆ ಹೋಗುತ್ತಿದ್ದರು. ಪೇಟೆಯಿಂದ ಹೊಸ ಸೆಲ್ ತಂದು, ಪ್ಲಗ್ ಕಿತ್ತು, ಹಳೆಯದನ್ನು ಉಗುರಿನಲ್ಲಿ ಎಬ್ಬಿಸಿ, ಕೂಡಿಸುವ ಚಿಹ್ನೆ ಇರುವ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿದೆವು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನು ತಾನಾಗಿ ಹೊಂದಿಸಿಕೊಳ್ಳುವ ಆಯ್ಕೆಯನ್ನು ಒತ್ತಿದೆವು. ಅಲ್ಲಿಗೆ ಆ ತೊಂದರೆ ಮುಗಿಯಿತು.

ಸರಿಯಾದ ವಿಳಾಸ

ಈಚಿನ ದಿನಗಳಲ್ಲಿ ಅನೇಕರ ಕಂಪ್ಯೂಟರುಗಳು ಇದ್ದಕ್ಕಿದ್ದಂತೆ ಬ್ಯಾಂಕಿಗೆ ಅಪರಿಚಿತವಾಗಲು ಕಾರಣ ಅವರ ತಪ್ಪಲ್ಲ. ನಕಲಿ ತಾಣಗಳ ಹಾವಳಿಯನ್ನು ತಡೆಯಲು ಭಾರತದ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ (.bank.in) ಎಂದು ಕೊನೆಗೊಳ್ಳುವ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಈ ಹೆಸರುಗಳನ್ನು ಹಂಚುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಎಂಬ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆಗೆ ಮಾತ್ರ ಇದ್ದು, ಬ್ಯಾಂಕಲ್ಲದವರಿಗೆ ಅವು ಸಿಗುವುದಿಲ್ಲ. ಕುಕೀ ಎಂಬುದು ತಾನು ಹುಟ್ಟಿದ ವಿಳಾಸಕ್ಕೆ ಮಾತ್ರ ಸಲ್ಲುವ ವಸ್ತುವಾದ್ದರಿಂದ, ಹಳೆಯ ವಿಳಾಸದಲ್ಲಿ ಪಡೆದ ಚೀಟಿ ಹೊಸ ವಿಳಾಸದಲ್ಲಿ ನಡೆಯುವುದಿಲ್ಲ. ನಿಮ್ಮ ಬುಕ್‌ಮಾರ್ಕ್ ಇನ್ನೂ ಹಳೆಯದಾಗಿದ್ದರೆ ಅದನ್ನು ಅಳಿಸಿ. ಹೊಸ ವಿಳಾಸವನ್ನು ಪಾಸ್‌ಬುಕ್ಕಿನಿಂದಲೋ ಶಾಖೆಯಲ್ಲಿ ಅಂಟಿಸಿದ ಸೂಚನೆಯಿಂದಲೋ ನೋಡಿಕೊಂಡು ಕೈಯಾರೆ ಟೈಪ್ ಮಾಡಿ, ಪುಟ ತೆರೆದ ಮೇಲೆ ಹೊಸ ಬುಕ್‌ಮಾರ್ಕ್ ಇಡಿ. ಗೂಗಲ್‌ನಲ್ಲಿ ಬ್ಯಾಂಕಿನ ಹೆಸರು ಹುಡುಕಿ ಮೊದಲು ಕಂಡದ್ದನ್ನು ಒತ್ತುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಮೇಲ್ಗಡೆ ಬರುವ ಜಾಹೀರಾತು ಯಾರದೂ ಆಗಿರಬಹುದು.

ವಿಳಾಸವನ್ನು ಓದುವಾಗ ಅದರ ತುದಿಯನ್ನು ನೋಡಬೇಕು. ಆರಂಭದ ‘https://’ ಬಿಟ್ಟರೆ ಸಿಗುವ ಮೊದಲ ಓರೆಗೆರೆಗೆ (/) ಮುಂಚೆ, ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬುದು ತನ್ನ ಮೊದಲಿನ ಚುಕ್ಕಿಯೂ ಸೇರಿ ಕಟ್ಟಕಡೆಗೆ ಬಂದಿರಬೇಕು. ಅದರ ಬಳಿಕ ಮತ್ತೊಂದು ಚುಕ್ಕಿಯೂ ಹೆಸರೂ ಬಂದಿದ್ದರೆ ಅದು ಬ್ಯಾಂಕಿನ ತಾಣವಲ್ಲ.

ಪರಿಚಯ ಮಾಡಿಸುವ ಕ್ರಮ

ನಾನು ಎಲ್ಲರಿಗೂ ಹೇಳುವುದು ಬ್ಯಾಂಕಿಗೆಂದೇ ಒಂದು ಪ್ರತ್ಯೇಕ ಬ್ರೌಸರ್ ಪ್ರೊಫೈಲ್ ಮಾಡಿಕೊಳ್ಳಿ ಎಂದು. ಕ್ರೋಮ್ ಅಥವಾ ಎಡ್ಜ್‌ನ ಮೇಲಿನ ಮೂಲೆಯಲ್ಲಿರುವ ದುಂಡು ಚಿತ್ರವನ್ನು ಒತ್ತಿದರೆ ಹೊಸ ಪ್ರೊಫೈಲ್ ಸೇರಿಸುವ ಅವಕಾಶ ಕಾಣುತ್ತದೆ. ಅದಕ್ಕೆ ‘ಬ್ಯಾಂಕ್’ ಎಂದೇ ಹೆಸರಿಡಿ, ಬೇರೆ ಬಣ್ಣ ಕೊಡಿ, ಯಾವ ಎಕ್ಸ್‌ಟೆನ್ಷನ್ನನ್ನೂ (ಬ್ರೌಸರಿಗೆ ಸೇರಿಸುವ ಹೆಚ್ಚುವರಿ ಪ್ರೋಗ್ರಾಂ) ಹಾಕಬೇಡಿ, ಬ್ಯಾಂಕಿನ ಬುಕ್‌ಮಾರ್ಕ್ ಒಂದನ್ನು ಬಿಟ್ಟು ಬೇರೇನನ್ನೂ ಅಲ್ಲಿ ತೆರೆಯಬೇಡಿ. ಬೇರೆ ಪ್ರೊಫೈಲಿಗೆ ಹೋಗಿ ಅಲ್ಲಿನ ಕುಕೀಗಳನ್ನು ಎಷ್ಟು ಸಲ ಗುಡಿಸಿದರೂ ಈ ಕೋಣೆಯೊಳಗಿನ ಚೀಟಿ ಹಾಗೆಯೇ ಉಳಿಯುತ್ತದೆ.

ಬ್ಯಾಂಕಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ ಈಗ ನಿಮ್ಮ ಕೈಯಲ್ಲಿರುವುದೇ ಹೌದೇ ಎಂದು ಖಚಿತಪಡಿಸಿಕೊಳ್ಳಿ. ಸಿಗ್ನಲ್ ದುರ್ಬಲವಾಗಿರುವ ಮನೆಯಲ್ಲಿ ಫೋನನ್ನು ಸಂದೇಶ ಬರುವ ಜಾಗದಲ್ಲಿಟ್ಟು ಆಮೇಲೆ ಕೂರಿ, ಏಕೆಂದರೆ ಒಟಿಪಿಗೆ ಕೆಲವೇ ನಿಮಿಷಗಳ ಆಯುಷ್ಯ. ಒಂದು ಬಾರದೆ ಇದ್ದಾಗ ಮತ್ತೆ ಮತ್ತೆ ಕಳುಹಿಸು ಎಂದು ಒತ್ತಿದರೆ ಹಳೆಯದೂ ಹೊಸದೂ ಕಲಸಿಹೋಗಿ, ತಪ್ಪು ಸಂಖ್ಯೆಗಳನ್ನು ಹಾಕಿ, ಕೊನೆಗೆ ಖಾತೆಗೇ ಬೀಗ ಬೀಳಬಹುದು.

‘ಬ್ಯಾಂಕ್’ ಪ್ರೊಫೈಲಿನಲ್ಲಿ ಬುಕ್‌ಮಾರ್ಕ್ ಒತ್ತಿ, ವಿಳಾಸವನ್ನು ಇನ್ನೊಮ್ಮೆ ಓದಿ, ಯೂಸರ್ ಐಡಿ ಮತ್ತು ಪಾಸ್‌ವರ್ಡ್ ಕೊಡಿ. ಫೋನಿಗೆ ಸಂದೇಶ ಬಂದಾಗ ಅಂಕಿಗಳನ್ನಷ್ಟೇ ನೋಡದೆ ಇಡೀ ವಾಕ್ಯವನ್ನು ಓದಿ. ಲಾಗಿನ್‌ಗೆ ಬಂದ ಒಟಿಪಿಯೇ, ಸಾಧನ ನೋಂದಣಿಗೆ ಬಂದದ್ದೇ, ಹಣ ಕಳುಹಿಸುವುದಕ್ಕೆ ಬಂದದ್ದೇ ಎಂಬುದು ಅದರಲ್ಲಿ ಬರೆದಿರುತ್ತದೆ. ನೀವು ಬರೀ ಲಾಗಿನ್ ಆಗುತ್ತಿರುವಾಗ ಹಣದ ಮೊತ್ತವಿರುವ ಒಟಿಪಿ ಬಂದರೆ ಅಲ್ಲಿಯೇ ನಿಲ್ಲಿಸಿ ಪುಟವನ್ನು ಮುಚ್ಚಬೇಕು. ಎಲ್ಲವೂ ಸರಿಯಿದ್ದರೆ ಒಟಿಪಿ ಹಾಕಿ, ಅದೇ ಪುಟದಲ್ಲಿ ‘ಟ್ರಸ್ಟ್ ದಿಸ್ ಡಿವೈಸ್’, ‘ರಿಮೆಂಬರ್ ದಿಸ್ ಬ್ರೌಸರ್’ ಎಂಬಂತಹ ಚೌಕವಿದ್ದರೆ ಮುಂದಕ್ಕೆ ಹೋಗುವ ಮೊದಲೇ ಗುರುತು ಹಾಕಿ. ಅವಸರದಲ್ಲಿ ‘ಸಬ್ಮಿಟ್’ ಒತ್ತಿದ ಮೇಲೆ ಆ ಚೌಕ ಆ ಲಾಗಿನ್‌ನಲ್ಲಿ ಮತ್ತೆ ಸಿಗದಿರಬಹುದು. ಸಾಧನಕ್ಕೆ ಹೆಸರು ಕೇಳಿದರೆ ‘ಮನೆ ಡೆಸ್ಕ್‌ಟಾಪ್ ಕ್ರೋಮ್’ ಎಂಬಂತೆ ಸ್ಪಷ್ಟವಾಗಿ ಬರೆಯಿರಿ. ಮುಂದೆ ಪಟ್ಟಿಯಲ್ಲಿ ಬೇಡದ್ದನ್ನು ತೆಗೆಯುವಾಗ ಈ ಹೆಸರು ನೆರವಾಗುತ್ತದೆ.

ಕೆಲಸ ಮುಗಿದ ಮೇಲೆ ‘ಲಾಗೌಟ್’ ಒತ್ತಿಯೇ ಹೊರಬನ್ನಿ. ಲಾಗೌಟ್ ಮಾಡಿದರೆ ಪರಿಚಯ ಅಳಿಸಿಹೋಗುತ್ತದೆಂದು ಕೆಲವರು ಹೆದರಿ ಕಿಟಕಿಯನ್ನಷ್ಟೇ ಮುಚ್ಚುತ್ತಾರೆ. ಲಾಗೌಟ್‌ನಿಂದ ಮುಗಿಯುವುದು ಆ ಹೊತ್ತಿನ ಕಲಾಪ ಮಾತ್ರ, ಗುರುತಿನ ಚೀಟಿ ಉಳಿದೇ ಇರುತ್ತದೆ. ಬಳಿಕ ಬ್ರೌಸರನ್ನು ಪೂರ್ತಿ ಮುಚ್ಚಿ, ಕಂಪ್ಯೂಟರನ್ನೂ ಒಮ್ಮೆ ಆರಿಸಿ ಹಚ್ಚಿ, ಮತ್ತೆ ಲಾಗಿನ್ ಆಗಿ ನೋಡಿ. ಈ ಸಲ ‘ಹೊಸ ಸಾಧನ’ ಎಂಬ ಸಂದೇಶ ಬಾರದಿದ್ದರೆ ಕೆಲಸ ಆದಂತೆ.

ಸಿಕ್ಕ ಗುರುತು ಯಾಕೆ ಕಳೆದುಹೋಗುತ್ತದೆ?

ಸೆಲ್ ಬದಲಿಸಿದ ಮೇಲೂ ಚಿಕ್ಕಪ್ಪನಿಗೆ ಸಂದೇಶಗಳು ನಿಲ್ಲಲಿಲ್ಲ. ಹುಡುಕುತ್ತ ಹೋದಾಗ, ಹಿಂದೆ ರಿಪೇರಿಗೆ ಕೊಟ್ಟಿದ್ದ ಅಂಗಡಿಯವರು ‘ಸ್ಪೀಡ್ ಆಗಲಿ’ ಎಂದು ಹಾಕಿಕೊಟ್ಟಿದ್ದ ಒಂದು ಕ್ಲೀನರ್ ಪ್ರೋಗ್ರಾಂ ಪ್ರತಿ ಸಲ ಕಂಪ್ಯೂಟರ್ ಹಚ್ಚಿದಾಗಲೂ ಎಲ್ಲ ಬ್ರೌಸರುಗಳ ಕುಕೀಗಳನ್ನು ಸದ್ದಿಲ್ಲದೆ ಗುಡಿಸುತ್ತಿರುವುದು ಕಂಡಿತು. ಬ್ಯಾಂಕ್ ದಿನವೂ ಚೀಟಿ ಕೊಡುತ್ತಿತ್ತು, ಮರುದಿನ ಬೆಳಗ್ಗೆ ಅದು ಕಸದ ಬುಟ್ಟಿಗೆ ಹೋಗುತ್ತಿತ್ತು. ಅಂಗಡಿಯವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಆದರೆ ಯಜಮಾನರಿಗೆ ಒಂದು ಮಾತು ತಿಳಿಸಬೇಕಿತ್ತು. ಆ ಪ್ರೋಗ್ರಾಂ ತೆಗೆದುಹಾಕಿದ ಮೇಲೆಯೇ ಸಂದೇಶಗಳು ನಿಂತವು. ನಿಮ್ಮಲ್ಲಿ ಇಂಥದ್ದು ಇದ್ದರೆ ಅದರ ಸೆಟ್ಟಿಂಗಿನಲ್ಲಿ ಕುಕೀಗಳ ಮುಂದಿನ ಗುರುತನ್ನು ತೆಗೆಯಿರಿ, ಅಥವಾ ಪೂರ್ತಿಯಾಗಿ ಅಳಿಸಿ. ಅದಿಲ್ಲದೆ ಕಂಪ್ಯೂಟರಿಗೆ ಏನೂ ಕೊರತೆಯಾಗದು.

ಬ್ರೌಸರಿನದೇ ಸೆಟ್ಟಿಂಗೂ ಇದೇ ಕೆಲಸ ಮಾಡಬಹುದು. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಆ್ಯಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್ ಎಂಬ ದಾರಿಯಲ್ಲಿ ಹೋಗಿ, ಕಿಟಕಿಗಳನ್ನು ಮುಚ್ಚಿದಾಗ ತಾಣಗಳು ಉಳಿಸಿದ್ದನ್ನು ಅಳಿಸುವ ಆಯ್ಕೆ ಚಾಲೂ ಇದ್ದರೆ ಅದನ್ನು ನಿಲ್ಲಿಸಿ. ಎಡ್ಜ್‌ನಲ್ಲಿ ಬ್ರೌಸರ್ ಮುಚ್ಚಿದಾಗಲೆಲ್ಲ ಏನನ್ನು ಅಳಿಸಬೇಕೆಂಬ ಪಟ್ಟಿಯಿದೆ, ಅದರಲ್ಲಿ ಕುಕೀಗಳ ಗುಂಡಿ ಆರಿರಬೇಕು. ಫೈರ್‌ಫಾಕ್ಸ್ ಬಳಸುವವರಿಗೆ ಇನ್ನೂ ಒಳ್ಳೆಯ ಅನುಕೂಲವಿದೆ. ಮುಚ್ಚಿದಾಗ ಎಲ್ಲವನ್ನೂ ಅಳಿಸುವ ಆಯ್ಕೆಯನ್ನು ಹಾಗೆಯೇ ಇಟ್ಟುಕೊಂಡು, ಪಕ್ಕದ ‘ಮ್ಯಾನೇಜ್ ಎಕ್ಸೆಪ್ಷನ್ಸ್’ ಒತ್ತಿ, ಬ್ಯಾಂಕಿನ ವಿಳಾಸ ಬರೆದು ‘ಅಲೋ’ ಎಂದರೆ ಅದೊಂದನ್ನು ಮಾತ್ರ ಉಳಿಸುತ್ತದೆ.

ಕೆಲವು ಆ್ಯಂಟಿವೈರಸ್‌ಗಳು ಬ್ಯಾಂಕಿನ ಪುಟ ತೆರೆದಾಗ ‘ಸುರಕ್ಷಿತ ಬ್ಯಾಂಕಿಂಗ್’ ಎಂದು ತಮ್ಮದೇ ಕಿಟಕಿಯನ್ನು ಎಬ್ಬಿಸುತ್ತವೆ. ಆ ಕಿಟಕಿ ಬ್ಯಾಂಕಿನ ಲೆಕ್ಕದಲ್ಲಿ ಬೇರೆಯೇ ಒಂದು ಬ್ರೌಸರ್ ಆಗಬಹುದು. ಅದರಲ್ಲಿ ಹೋಗುವುದಾದರೆ ಯಾವಾಗಲೂ ಅದರಲ್ಲೇ ಹೋಗಿ, ಒಂದು ದಿನ ಅದು ಒಂದು ದಿನ ಇದು ಎಂದು ಮಾಡಬೇಡಿ. ಸಂಪರ್ಕವನ್ನು ಬೇರೆ ಊರಿನ ಸರ್ವರ್ ಮೂಲಕ ತಿರುಗಿಸುವ ವಿಪಿಎನ್ ಹಾಕಿಕೊಂಡು ಬ್ಯಾಂಕಿಗೆ ಹೋದರೆ ಶಿರಸಿಯಲ್ಲಿ ಕೂತ ನೀವು ಸಿಂಗಪುರದಲ್ಲಿರುವಂತೆ ಕಾಣಬಹುದು. ಆಗ ಚೀಟಿ ಇದ್ದರೂ ಬ್ಯಾಂಕ್ ಮತ್ತೆ ಪರೀಕ್ಷೆ ಮಾಡುವುದು ನ್ಯಾಯವೇ. ಕರೆಂಟ್ ಹೋದಾಗ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಲಾಗಿನ್ ಆದರೂ ಒಮ್ಮೊಮ್ಮೆ ಬೇರೆ ಊರಿನ ಸಂಪರ್ಕವೆಂದು ತೋರುವುದುಂಟು. ಅದು ಶಾಶ್ವತ ದೋಷವಲ್ಲ, ಮನೆಯ ಬ್ರಾಡ್‌ಬ್ಯಾಂಡ್ ಮರಳಿದಾಗ ಸರಿಹೋಗುತ್ತದೆ.

ಇಷ್ಟಾದರೂ ಗುರುತು ನಿಲ್ಲದಿದ್ದರೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಚ್ಚಾದ ಸಂಖ್ಯೆಗೆ ಕರೆಮಾಡಿ, ನಿಮ್ಮ ಖಾತೆಗೆ ಸಾಧನ ನೋಂದಣಿಯ ಸೌಲಭ್ಯ ಇದೆಯೇ, ಸಾಧನಗಳ ಮಿತಿ ಮೀರಿದೆಯೇ ಎಂದು ಕೇಳಿ. ಗೂಗಲ್‌ನಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ಸಂಖ್ಯೆಗೆ ಕರೆಮಾಡಬೇಡಿ. ಸಹಾಯ ಮಾಡುತ್ತೇನೆಂದು ಹೇಳಿ ದೂರದಿಂದ ನಿಮ್ಮ ಪರದೆ ನೋಡುವ ಆ್ಯಪ್ ಹಾಕಿಸುವವನು, ಅಥವಾ ‘ಸಾಧನ ನೋಂದಣಿಗೆ ಒಂದು ಒಟಿಪಿ ಬಂದಿದೆ, ಹೇಳಿ ಸರ್’ ಎನ್ನುವವನು ನೋಂದಾಯಿಸುತ್ತಿರುವುದು ತನ್ನ ಕಂಪ್ಯೂಟರನ್ನು. ನಿಮ್ಮ ಮನೆಯ ಕಂಪ್ಯೂಟರನ್ನು ನೋಂದಾಯಿಸಲು ನಿಮ್ಮ ಮನೆಯ ಹೊರಗಿನ ಯಾರಿಗೂ ಆ ಒಟಿಪಿ ಬೇಕಾಗುವುದಿಲ್ಲ.

ಎಲ್ಲಿ ಬೇಡ, ಯಾವಾಗ ತೆಗೆಯಬೇಕು

ಸೈಬರ್ ಸೆಂಟರ್, ಕಚೇರಿಯ ಕಂಪ್ಯೂಟರ್, ನೆಂಟರ ಮನೆಯ ಲ್ಯಾಪ್‌ಟಾಪ್ ಇವುಗಳಲ್ಲಿ ನಂಬಿಕೆಯ ಚೌಕಕ್ಕೆ ಗುರುತು ಹಾಕಬೇಡಿ. ಗಂಡ ಹೆಂಡತಿ ಒಂದೇ ಕಂಪ್ಯೂಟರ್ ಬಳಸುವ ಮನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಬ್ರೌಸರ್ ಪ್ರೊಫೈಲ್ ಇರಲಿ, ಏಕೆಂದರೆ ಒಂದೇ ಪ್ರೊಫೈಲಿನಲ್ಲಿ ಎರಡು ಯೂಸರ್ ಐಡಿಗಳು ಬಂದರೆ ಕೆಲವು ತಾಣಗಳು ಒಬ್ಬರ ಗುರುತಿನ ಮೇಲೆ ಇನ್ನೊಬ್ಬರದನ್ನು ಬರೆದುಬಿಡಬಹುದು. ಹೊರದೇಶದಲ್ಲಿದ್ದು ಇಲ್ಲಿನ ಎನ್‌ಆರ್‌ಇ ಖಾತೆಯನ್ನು ನೋಡುವವರು, ಒಟಿಪಿ ಬರುವ ಭಾರತದ ಸಿಮ್ ಅಲ್ಲಿ ಸಂದೇಶ ಹಿಡಿಯುತ್ತದೆಯೇ, ಇಲ್ಲವಾದರೆ ಬ್ಯಾಂಕ್ ಅಲ್ಲಿನ ಸಂಖ್ಯೆಗೋ ಇಮೇಲಿಗೋ ಒಟಿಪಿ ಕಳುಹಿಸುತ್ತದೆಯೇ ಎಂದು ಊರಿಗೆ ಬಂದಾಗಲೇ ವಿಚಾರಿಸಿಕೊಂಡು ಹೋಗುವುದು ಉತ್ತಮ. ರಜೆಗೆ ಬಂದಾಗ ಅಪ್ಪ ಅಮ್ಮನ ಕಂಪ್ಯೂಟರಿನಲ್ಲಿ ತಮ್ಮ ಖಾತೆಗೆ ನಂಬಿಕೆಯ ಗುರುತು ಹಾಕಿಟ್ಟು ಹೋಗಬಾರದು.

ಬ್ಯಾಂಕಿನ ತಾಣದಲ್ಲಿ ಪ್ರೊಫೈಲ್ ಅಥವಾ ಸೆಕ್ಯೂರಿಟಿ ಎಂಬ ಭಾಗದಲ್ಲಿ ನಂಬಿಕೆಯ ಸಾಧನಗಳ ಪಟ್ಟಿ ಇದ್ದರೆ ಮೂರು ತಿಂಗಳಿಗೊಮ್ಮೆ ತೆರೆದು ನೋಡಿ. ನೀವು ಹೆಸರಿಡದ ಸಾಧನ ಅಲ್ಲಿದ್ದರೆ ತೆಗೆದುಹಾಕಿ, ನಿಮ್ಮದೇ ಶುದ್ಧವಾದ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ದೂರು ಕೊಡುವ ಸಂಖ್ಯೆಯಾದ 1930ಕ್ಕೆ ಕರೆಮಾಡುವುದರಲ್ಲಿ ಒಂದು ಗಂಟೆಯನ್ನೂ ಕಳೆಯಬೇಡಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ, ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದಾದ ವಂಚನೆಯನ್ನು ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲವೆಂದೂ, ಗುಟ್ಟಿನ ಸಂಖ್ಯೆಯನ್ನು ತಾನೇ ಹೇಳಿಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ಅವನದೇ ಎಂದೂ ವಿಧಿಸಿತ್ತು. ಆ ಸುತ್ತೋಲೆಯ ಪ್ರಕಾರ ಮೂರು ದಿನಗಳ ಎಣಿಕೆ ಶುರುವಾಗುವುದು ಹಣ ಹೋದದ್ದನ್ನು ತಿಳಿಸುವ ಬ್ಯಾಂಕಿನ ಸಂದೇಶದಿಂದ; ಅದನ್ನು ಓದದವನಿಗೆ ದಿನಗಳು ಕಳೆದದ್ದೇ ತಿಳಿಯುವುದಿಲ್ಲ.

ಕಂಪ್ಯೂಟರನ್ನು ರಿಪೇರಿಗೆ ಕೊಡುವ ಹಿಂದಿನ ದಿನ ಆ ಪಟ್ಟಿಯಿಂದ ಅದರ ಹೆಸರನ್ನು ತೆಗೆದು, ‘ಬ್ಯಾಂಕ್’ ಪ್ರೊಫೈಲನ್ನು ಬ್ರೌಸರಿನಿಂದ ಅಳಿಸಿಬಿಡಿ. ಯಂತ್ರ ಮರಳಿ ಬಂದ ಮೇಲೆ ಹೊಸದಾಗಿ ಏನೇನು ಹಾಕಿದ್ದಾರೆಂದು ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ನೋಡಿ, ಬೇಡದ್ದನ್ನು ಕಿತ್ತು, ಪ್ರೊಫೈಲ್ ಮಾಡುವುದರಿಂದ ಶುರುಮಾಡಿ ಪರಿಚಯವನ್ನು ಮತ್ತೊಮ್ಮೆ ಮಾಡಿಸಿ. ಹತ್ತು ನಿಮಿಷದ ಕೆಲಸ. ಅದು ಮುಗಿದಾಗ ಫೋನಿಗೆ ಬರುವ ‘ಹೊಸ ಸಾಧನ’ದ ಸಂದೇಶದಲ್ಲಿ ಸಮಯವನ್ನು ನೋಡಿ, ಅದು ನಿಮ್ಮದೇ ಲಾಗಿನ್ ಎಂದು ಖಚಿತವಾದ ಮೇಲೆ ಏಳಿ.